ಕವುಚಿಟ್ಟ ಐದನೆಯ ಅಂತಸ್ತು

"ಎಲೆ ಮುಟ್ಟಬೇಡಿ, ಸಿತ್ ವದೀಆ! ಅದು ಸಾಕ್ಷಿ!"

ಕ್ಯಾಪ್ಟನ್ ಫಾರಿಸ್ ಅಂಗಳದ ಬಾಗಿಲಿನಿಂದಲೇ ಕೂಗಿದ. ಅಮೃತಶಿಲೆಯ ಮೇಜಿನ ಮೇಲೆ ಬಗ್ಗಿದ್ದ ವದೀಆ ತಲೆಯೆತ್ತಲಿಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಇಸ್ಪೀಟೆಲೆಗಳನ್ನು ಒಂದೊಂದಾಗಿ ನೋಡುತ್ತಲೇ ಇದ್ದಳು.

"ಮುಟ್ಟಲಿಲ್ಲ ಕಣೋ. ಕೈ ಹಿಂದೆ ಕಟ್ಕೊಂಡಿದೀನಿ, ಕಾಣಲ್ವಾ? ಚಿಕ್ಕವನಿದ್ದಾಗ ನನ್ನ ಔಷಧಿ ಅಂಗಡಿಗೆ ಬಂದ್ರೆ ನಿಂಗೆ ಇದನ್ನೇ ಹೇಳ್ತಿದ್ದೆ. ಕೈ ಹಿಂದೆ ಕಟ್ಕೋ, ಸೀಸೆ ಮುಟ್ಟಬೇಡ ಅಂತ. ಒಂದಿನ ಆದ್ರೂ ಕೇಳಿದ್ಯಾ?"

ಬಾಗಿಲಲ್ಲಿದ್ದ ಪೇದೆ ಹನ್ನಾ ಮೀಸೆಯೊಳಗೆ ನಕ್ಕ. ಕ್ಯಾಪ್ಟನ್ ಅವನತ್ತ ಕಣ್ಣು ಬಿಟ್ಟ.

ಹಿಂದಿನ ಮಧ್ಯಾಹ್ನ ಇದೇ ಮೇಜಿನ ಮುಂದೆ ಮನೆಯ ಯಜಮಾನ, ಮುದುಕ ನಖ್ಲೆ, ಕಾಫಿಯಲ್ಲಿ ಬೆರೆತ ನಿದ್ದೆಯ ಮದ್ದಿಗೆ ಒರಗಿ ಬಿದ್ದಿದ್ದ. ಒಳಕೋಣೆಯ ಪೆಟ್ಟಿಗೆಯಲ್ಲಿ ಅವನು ಕಾಪಾಡಿಕೊಂಡು ಬಂದಿದ್ದ ಚರ್ಚಿನ ಮದುವೆಗಳಲ್ಲಿ ವಧೂವರರಿಗೆ ತೊಡಿಸುವ ಎರಡು ಬೆಳ್ಳಿಯ ಕಿರೀಟಗಳು ಮಾಯವಾಗಿದ್ದವು. ಅವನೆದುರು ಎಲೆಯಾಡಲು ಕೂತಿದ್ದವಳು ಆಫೀಫೆ ಒಬ್ಬಳೇ.

ಆ ಆಫೀಫೆ ಈಗ ದ್ರಾಕ್ಷಿ ಚಪ್ಪರದ ಕಂಬಕ್ಕೆ ಒರಗಿ ಕುರ್ಚಿಯಲ್ಲಿ ಕೂತಿದ್ದಳು. ಕಪ್ಪು ಉಡುಪು, ತೊಡೆಯ ಮೇಲೆ ಕೈಚೀಲ, ಚೀಲದ ಮೇಲೆ ಎರಡೂ ಕೈ. ಬಸ್ಸಿಗೆ ಕಾಯುವವರು ಕೂತ ಹಾಗೆ. ಬಿಸಿಲು ಅವಳ ಮುಖಕ್ಕೆ ಹೊರಳಿದಾಗ ಹನ್ನಾ ಬಂದು, ಏನೂ ಹೇಳದೆ, ಕುರ್ಚಿ ಸಮೇತ ಅವಳನ್ನು ನೆರಳಿಗೆ ಸರಿಸಿ ಮತ್ತೆ ಬಾಗಿಲಿಗೆ ಹೋಗಿ ಗಂಭೀರವಾಗಿ ನಿಂತಿದ್ದ. ವದೀಆ ಅದನ್ನು ನೋಡಿದ್ದಳು. ಮನಸ್ಸಿನಲ್ಲೇ ಅವನಿಗೊಂದು ಒಳ್ಳೆಯ ಮಾತು ಬರೆದಿಟ್ಟುಕೊಂಡಿದ್ದಳು.

"ಮಧ್ಯಾಹ್ನದ ಗಂಟೆ ಹೊಡೆದ ತಕ್ಷಣ ಜೀಪು ಹೊರಡುತ್ತೆ," ಎಂದ ಕ್ಯಾಪ್ಟನ್, ಸ್ವಲ್ಪ ದನಿ ತಗ್ಗಿಸಿ. "ನಂಗೂ ಇಷ್ಟ ಇಲ್ಲ, ಸಿತ್ ವದೀಆ. ಭಾನುವಾರ ಇವರ ಮೊಮ್ಮಗಳ ಮದುವೆ ಅಂತ ಗೊತ್ತು. ಆದ್ರೆ ಏನ್ಮಾಡ್ಲಿ? ಸುಳ್ಳು ಹೇಳ್ತಿದಾರೆ."

"ನಾನು ಸುಳ್ಳು ಹೇಳಲಿಲ್ಲ," ಎಂದಳು ಆಫೀಫೆ. "ಎರಡನೇ ಅಂತಸ್ತು ಮುಗೀತು. ನಖ್ಲೆ ಆಕಳಿಸ್ದ. ಸುಸ್ತಾಗಿದೆ ಅನ್ಕೊಂಡೆ. ಮೈಮೇಲೆ ಶಾಲು ಹೊದಿಸಿ, ಎಲೆ ಮೇಲೆ ಬಟ್ಟೆ ಮುಚ್ಚಿ, ಹಿಂದಿನ ಓಣಿಲಿ ಮನೆಗೆ ಹೋದೆ. ನಾಳೆ ಮುಂದುವರಿಸೋಣ ಅಂತ."

"ಉಮ್ಮ್ ಜಿರ್ಜಿ," ಎಂದ ಕ್ಯಾಪ್ಟನ್, ಊರಿನ ರೂಢಿಯಂತೆ ಆಫೀಫೆಯನ್ನು ಮಗನ ಹೆಸರಿನಿಂದ ಕರೆದು. "ನೋಡಿ ಇಲ್ಲಿ! ಆಟ ಪೂರ್ತಿ ಮುಗಿದಿದೆ. ಐದು ಅಂತಸ್ತೂ ಕಟ್ಟಿದೀರಿ. ಅಂದ್ರೆ ಕೊನೇವರೆಗೂ ಇಲ್ಲೇ ಇದ್ರಿ. ಬೀದೀಲಿ ಯಾರನ್ನ ಕೇಳಿದ್ರೂ ಹೇಳ್ತಾರೆ, ದಿನಾ ಈ ಮೇಜಿನ ಮುಂದೆ ಅವರನ್ನ 'ಕಳ್ಳ, ಕಳ್ಳ' ಅಂತ ಬೈತಿದ್ರಂತೆ. ಹಗೆ ಇಲ್ದೆ ಹಾಗೆ ಬೈತಾರಾ?"

ಆಫೀಫೆ ಕೈಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಮುಖದಲ್ಲಿ ಭಯವಿರಲಿಲ್ಲ, ಬೀಗವಿತ್ತು. ಏನನ್ನೋ ಒಳಗಿಟ್ಟು ಬೀಗ ಹಾಕಿದ್ದಾಳೆ ಎಂದು ವದೀಆಗೆ ಅನಿಸಿದ್ದು ಆಗಲೇ.

ಒಳಗಿನಿಂದ ಹೆಜ್ಜೆ ಸಪ್ಪಳ ಕೇಳಿತು. ನಖ್ಲೆಯ ತಮ್ಮನ ಮಗ ರಿಝ್ಕಲ್ಲಾ ಬಂದ. ಕಳೆದ ಚಳಿಗಾಲದಿಂದ ಇದೇ ಮನೆಯಲ್ಲಿದ್ದ. ಮನೆ, ಅಂಗಡಿ ಮಾರಾಟದ ದಲ್ಲಾಳಿ ಕೆಲಸ. ಬಾಚಿದ ಕೂದಲು, ಕೈಯಲ್ಲೊಂದು ಚರ್ಮದ ಚೀಲ.

"ಕ್ಯಾಪ್ಟನ್, ನಾನು ಆಸ್ಪತ್ರೆಗೆ ಹೊರಡ್ಲಾ? ದೊಡ್ಡಪ್ಪಂಗೆ ರಾತ್ರಿ ಉಡುಪು ತಗೊಂಡು ಹೋಗ್ಬೇಕು. ಪಾಪ, ಆಸ್ಪತ್ರೆಯದ್ದು ಚುಚ್ಚುತ್ತೆ."

"ಒಳ್ಳೇ ಹುಡುಗ," ಎಂದ ಕ್ಯಾಪ್ಟನ್.

"ಹೌದೌದು," ಎಂದಳು ವದೀಆ. "ಒಂದೇ ನಿಮಿಷ ಕೂತ್ಕೋಪ್ಪ. ನಂಗೆ ಈ ಖಮ್ಸೆ ಆಟ ಸರಿಯಾಗಿ ಬರಲ್ಲ. ಜೀವನ ಪೂರ್ತಿ ಮಾತ್ರೆ ಎಣಿಸಿದೋಳು ನಾನು. ನೀನು ಆಟಗಾರ ಅಂತ ಕೇಳಿದೀನಿ."

ರಿಝ್ಕಲ್ಲಾನ ಎದೆ ಎರಡು ಬೆರಳು ಉಬ್ಬಿತು.

"ಆಟಗಾರ ಅಂದ್ರೆ! ಇಡೀ ಝಹ್ಲೆ ಊರಲ್ಲಿ ದೊಡ್ಡಪ್ಪನ ಬಿಟ್ರೆ ನಾನೇ. ನೋಡಿ, ಇಬ್ಬರ ಆಟ. ಒಂದು ಕಟ್ಟು ಎಲೆ. ಒಬ್ಬೊಬ್ಬರಿಗೆ ಐದೈದು ಮನೆ. ಸರದಿ ಪ್ರಕಾರ ಒಂದೊಂದು ಎಲೆ ಎಳೀಬೇಕು, ಬೇಕಾದ ಮನೆಗೆ ಇಡಬೇಕು. ಆದ್ರೆ ಒಂದು ಅಂತಸ್ತು ಐದೂ ಮನೆಗೆ ಏರದೆ ಮುಂದಿನ ಅಂತಸ್ತಿಗೆ ಕೈ ಹಾಕೋ ಹಾಗಿಲ್ಲ."

"ಅಂದ್ರೆ ಒಂದೊಂದು ಮನೆಗೂ ಕೊನೆಗೆ ಐದು ಎಲೆ."

"ಹ್ಞಾಂ. ಆಮೇಲೆ ಮನೆಗೆ ಮನೆ ಎದುರು. ಜೋಡಿಗಿಂತ ಎರಡು ಜೋಡಿ ಮೇಲು. ಅದಕ್ಕಿಂತ ಮೂರು ಒಂದೇ ಥರದ್ದು. ಅದಕ್ಕಿಂತ ಸಾಲಾಗಿ ಬಂದ ಐದು. ಅದಕ್ಕಿಂತ ಐದೂ ಒಂದೇ ರಂಗು. ಮೂರೂ-ಎರಡೂ ಸೇರಿದ್ರೆ ಇನ್ನೂ ಮೇಲು, ನಾಲ್ಕು ಒಂದೇ ಆದ್ರೆ ಕೇಳೋದೇ ಬೇಡ. ಐದರಲ್ಲಿ ಮೂರು ಮನೆ ಗೆದ್ದವನು ಆಟ ಗೆದ್ದ."

"ಈ ಕೊನೇ ಸಾಲು ಯಾಕಪ್ಪ ಕವುಚಿದೆ?"

"ಅದೇ ಖಮ್ಸೆಯ ಜೀವ! ನಾಲ್ಕು ಅಂತಸ್ತು ತೆರೆದು ಇಡೋದು, ಐದನೇದು ಕವುಚಿ. ಎಳೆದವನೊಬ್ಬನೇ ನೋಡ್ಬೇಕು, ಎದುರಾಳಿ ಬೆವರಬೇಕು. ಊರಲ್ಲಿ ಎಲ್ಲರೂ ಆಡೋದು ಹೀಗೇನೆ."

"ನಿನ್ನೆ ಇವರಿಬ್ಬರೂ ಹಾಗೇ ಆಡಿದ್ರಾ?"

"ನಾನೇ ಕಣ್ಣಾರೆ ನೋಡಿದ್ನಲ್ಲ! ಕ್ಲಬ್ಬಿಗೆ ಹೊರಟಾಗ ಈ ಬಾಗಿಲಲ್ಲಿ ನಿಂತೆ. ದೊಡ್ಡಪ್ಪ ಕೊನೇ ಎಲೆ ಎಳೆದ್ರು. ಹೀಗೆ..." ರಿಝ್ಕಲ್ಲಾ ಹೆಬ್ಬೆರಳು, ತೋರುಬೆರಳು ಚಿಮಟದ ಹಾಗೆ ಜೋಡಿಸಿ, ಗಾಳಿಯಲ್ಲೊಂದು ಎಲೆ ಎತ್ತಿದ. "ಮೂಲೆ ಹಿಡಿದು ಎತ್ತಿ, ಕಣ್ಣಿನ ಹತ್ರ ತಂದು ಇಣುಕಿ, ಟಪ್ ಅಂತ ಕವುಚಿ ಇಟ್ರು. ಉಮ್ಮ್ ಜಿರ್ಜಿ ಎದುರಿಗೇ ಇದ್ರು. ಸಂಜೆ ಬಂದು ನೋಡಿದ್ರೆ ದೊಡ್ಡಪ್ಪ ಒಬ್ಬರೇ ಬಿದ್ದಿದ್ರು."

"ಇನ್ನೊಂದ್ಸಲ ತೋರ್ಸು. ಹೇಗೆ ಎತ್ತಿದ್ರು?"

ಅವನು ಮತ್ತೆ ತೋರಿಸಿದ. ಎರಡು ಬೆರಳು, ಒಂದು ಚಿಮಟ.

"ವದೀಆ," ಎಂದಳು ಆಫೀಫೆ. ದನಿ ಒಡೆದಿತ್ತು. "ಬೇಡ ಕಣೇ. ನಿನ್ನ ದಮ್ಮಯ್ಯ. ಇದು ಹೊರಗೆ ಬಂತು ಅಂತ ನಖ್ಲೆಗೆ ತಿಳಿದ್ರೆ ನಾಚಿಕೆಯಿಂದ ಸಾಯ್ತಾನೆ."

ಬೀಗ ಎಲ್ಲಿದೆ ಎಂದು ವದೀಆಗೆ ಈಗ ಖಚಿತವಾಯಿತು. ಕೀಲಿ ತನ್ನ ಬಳಿಯೇ ಇತ್ತು, ಚಳಿಗಾಲದಿಂದಲೂ.

ಅವಳು ಮೇಜಿನ ಬದಿಯ ಗೂಡಿಗೆ ಹೋಗಿ ಒಂದು ಪುಟ್ಟ ಡಬ್ಬಿ ತಂದು ಕ್ಯಾಪ್ಟನ್‌ನ ಅಂಗೈಗಿಟ್ಟಳು. ಒಳಗೆ ಹಸಿರು ಮಖಮಲ್ಲಿನ ಹಾಸು, ಅದರ ಮೇಲೆ ನಖ್ಲೆಯ ರಕ್ತದೊತ್ತಡದ ಮಾತ್ರೆಗಳು.

"ಇದನ್ನ ಹೊಲಿದು ಕೊಟ್ಟಿದ್ದು ನಾನು. ಯಾಕೆ ಹೇಳು? ಅಂಗಡಿಯ ಕಲ್ಲಿನ ಕಟ್ಟೆ ಮೇಲೆ ಮಾತ್ರೆ ಇಟ್ರೆ ಅವನಿಗೆ ಎತ್ಕೊಳಕ್ಕೆ ಆಗ್ತಿರಲಿಲ್ಲ. ಜಾರಿ ಜಾರಿ ಹೋಗೋದು. ಅವನು ಮುಖ ಕೆಂಪು ಮಾಡ್ಕೊಂಡು ಕಿಟಕಿ ಕಡೆ ನೋಡೋನು. ನಾನೂ ನೋಡದ ಹಾಗೆ ಇದ್ದೆ. ಮುಂದಿನ ಸಲ ಮಖಮಲ್ಲಿನ ಮೇಲೆ ಇಟ್ಟು ಕೊಟ್ಟೆ. ಹೆಬ್ಬೆರಳು ಒತ್ತಿದ್ರೆ ಮೇಲೇಳುತ್ತೆ. ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

"ಏನಾಗಿತ್ತು ಅವರಿಗೆ?"

"ಚಳಿಗಾಲದಲ್ಲಿ ಕತ್ತಿನ ನರ ಒತ್ತಿ ಹೋಯ್ತು. ಎರಡೂ ಕೈಯ ಬೆರಳು ಸತ್ತ ಹಾಗೆ. ಕಪ್ಪು ಅಂಗೈಲಿ ಹಿಡೀತಾನೆ, ಚಮಚ ಮುಷ್ಟಿಲಿ ಹಿಡೀತಾನೆ. ಅಮೃತಶಿಲೆ ಮೇಲಿಂದ ಒಂದು ಎಲೆ ಎತ್ತೋದಾ? ಇವತ್ತಿಗೂ ಆಗಲ್ಲ."

ರಿಝ್ಕಲ್ಲಾನ ಚಿಮಟ ಇನ್ನೂ ಗಾಳಿಯಲ್ಲೇ ಇತ್ತು. ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಕ್ಯಾಪ್ಟನ್ ಒಳಗೆ ಹೋಗಿ ಆಸ್ಪತ್ರೆಗೆ ಫೋನು ಮಾಡಿದ. ಬಂದಾಗ ಅವನ ಟೋಪಿ ಕೈಯಲ್ಲಿತ್ತು. "ಡಾಕ್ಟರೂ ಅದನ್ನೇ ಹೇಳಿದ್ರು. ಎರಡೂ ಕೈ. ಯಾರಿಗೂ ಹೇಳ್ಬೇಡಿ ಅಂತ ಮುದುಕರು ಆಣೆ ಹಾಕ್ಸಿದ್ರಂತೆ. ಇನ್ನೂ ಎಚ್ಚರ ಆಗಿಲ್ಲ, ಆದ್ರೆ ಮಿಸುಕಾಡ್ತಿದಾರೆ. ಹಾಗಾದ್ರೆ ಇಷ್ಟು ದಿನ ಎಲೆ ಹೇಗೆ ಆಡಿದ್ರು?"

ಎಲ್ಲರೂ ಆಫೀಫೆಯತ್ತ ತಿರುಗಿದರು.

"ಹೇಳಮ್ಮ," ಎಂದಳು ವದೀಆ. "ಅವನ ಮಾನ ಕಾಯೋಕೆ ನೀನು ಜೈಲಿಗೆ ಹೋದ್ರೆ, ಎದ್ದ ಮೇಲೆ ಅವನೇ ಬಂದು ನಿಂಗೆ ಬೈತಾನೆ."

ಆಫೀಫೆ ಚೀಲದ ಹಿಡಿಯನ್ನು ತಿರುಚಿದಳು.

"ಒಂದಿನ ಎಲೆ ಎತ್ತಕ್ಕೆ ಹೋದ. ಆಗಲಿಲ್ಲ. ಮತ್ತೆ ಹೋದ. ಕೆಮ್ಮಿದ, ಕಾಫಿ ತಣ್ಣಗಾಯ್ತು ಅಂದ, ಏನೇನೋ ನೆಪ. ನಂಗೆ ನೋಡಕ್ಕೆ ಆಗಲಿಲ್ಲ. ಇಡೀ ಊರಿನ ಖಮ್ಸೆ ರಾಜ ಅವನು. ಅದಕ್ಕೆ ಜೋರಾಗಿ ಕೂಗ್ದೆ, 'ಲೋ ಕಳ್ಳ! ಎಲೆ ಬದಲಾಯಿಸ್ತೀಯಾ? ಇನ್ಮೇಲೆ ಕಟ್ಟು ನನ್ನ ಕೈಲಿರಲಿ. ನಿನ್ನ ಎಲೇನೂ ನಾನೇ ಎಳೀತೀನಿ, ಎಲ್ಲಿಡ್ಬೇಕು ಬಾಯಲ್ಲಿ ಹೇಳು' ಅಂತ. ಅವನೂ ಜೋರಾಗಿ ಬೈದ. ಅವತ್ತಿಂದ ದಿನಾ ಹಾಗೇನೆ. ದಿನಾ ಬೈದ್ರೇನೆ ನೆಪ ನಿಲ್ಲೋದು, ಅಲ್ವಾ?"

ಕ್ಯಾಪ್ಟನ್ ಮಾತ್ರೆಯ ಡಬ್ಬಿಯನ್ನು ಮೆಲ್ಲಗೆ ಗೂಡಿಗೆ ಮರಳಿಸಿದ.

"ಅಂದ್ರೆ ಇಬ್ಬರ ಎಲೇನೂ ಇವಳೇ ಎಳೆದು ನೋಡ್ತಿದ್ಲು," ಎಂದಳು ವದೀಆ. "ಹಾಗಿರುವಾಗ ಕವುಚಿ ಇಟ್ಟು ಯಾರಿಂದ ಬಚ್ಚಿಡ್ಬೇಕು? ಈ ಮೇಜಿನ ಮೇಲೆ ಚಳಿಗಾಲದಿಂದ ಐದನೇ ಅಂತಸ್ತು ಒಂದಿನಾನೂ ಕವುಚಿ ಬಿದ್ದಿಲ್ಲ. ಈಗ ನೋಡು, ಹೇಗೆ ಮಲಗಿವೆ!"

"ಇದೆಲ್ಲ ಹೆಂಗಸರ ಕಥೆ," ಎಂದ ರಿಝ್ಕಲ್ಲಾ. ನಗಲು ನೋಡಿದ. "ನಿನ್ನೆ ಹಳೇ ಥರ ಆಡೋಣ ಅನ್ಸಿರ್ಬೇಕು. ಅಷ್ಟೇ."

"ಇರಬಹುದು. ಫಾರಿಸ್, ಈ ಎಲೆಗಳ ಫೋಟೋ ತೆಗೆಸಿದ್ಯಾ?"

"ನಿನ್ನೆ ಸಂಜೇನೇ."

"ಹಾಗಾದ್ರೆ ಈಗ ಮುಟ್ಟಬಹುದು."

ಅವಳು ನಖ್ಲೆಯ ಕಡೆಯ ಮನೆಗಳ ಮುಂದೆ ನಿಂತಳು. ಮೊದಲನೆಯ ಮನೆಯಲ್ಲಿ ತೆರೆದಿದ್ದ ನಾಲ್ಕರಲ್ಲಿ ಎರಡು ರಾಜ. ಎರಡನೆಯದರಲ್ಲಿ ನಾಲ್ಕೂ ಕಳಾವರ್. ಇನ್ನೊಂದು ಕಳಾವರ್ ಬಂದರೆ ಐದೂ ಒಂದೇ ರಂಗು. ಕೊನೆಯ ಮನೆ ಹಾಳುಮನೆ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಎಲೆ.

"ರಾಜರ ಮನೆ," ಎಂದು ಅದರ ಕವುಚಿದ ಎಲೆ ತಿರುವಿದಳು. ಡೈಮನ್ ಎರಡು.

"ಕಳಾವರ್ ಮನೆ." ತಿರುವಿದಳು. ಆಟೀನ್ ರಾಜ, ಕೆಂಪಗೆ ನೋಡುತ್ತಿದ್ದ.

ಕ್ಯಾಪ್ಟನ್ ಹತ್ತಿರ ಬಂದ. ಹನ್ನಾ ಬಾಗಿಲು ಬಿಟ್ಟೇ ಬಂದ.

"ಹಾಳುಮನೆ." ತಿರುವಿದಳು. ಕಳಾವರ್ ಹತ್ತು.

"ಅಯ್ಯೋ ದೇವರೇ!" ಎಂದು ಚೀರಿದವಳು ಆಫೀಫೆ. ತನ್ನ ಕಷ್ಟವನ್ನೆಲ್ಲ ಮರೆತು ಎದ್ದು ನಿಂತಿದ್ದಳು. "ಯಾರು ಇದನ್ನ ಆಡಿದ್ದು? ಮೂರನೇ ರಾಜನ್ನ ತಗೊಂಡು ಹೋಗಿ ಕಳಾವರ್ ಮನೆ ಕೆಡ್ಸಿದಾನೆ! ಕಳಾವರ್ ತಗೊಂಡು ಹೋಗಿ ಹಾಳುಮನೆಗೆ! ನಖ್ಲೆ ನಿದ್ದೇಲೂ ಹೀಗೆ ಆಡಲ್ಲ!"

"ಅದೃಷ್ಟ ಕೆಟ್ಟಾಗ ಎಂಥವರಿಗೂ..." ಎಂದು ರಿಝ್ಕಲ್ಲಾ ಶುರು ಮಾಡಿದ.

"ಬೇಡದ ಎಲೆ ಮೊದಲು ಬಂದ್ರೆ ಹಾಳುಮನೆಗೆ ಹಾಕ್ತಾರಪ್ಪ," ಎಂದು ಹನ್ನಾ ತಡೆಯಲಾರದೆ ಹೇಳಿದ. "ರಾಜರ ಮನೆಗೆ ಹಾಕಲ್ಲ. ನಮ್ಮಜ್ಜಿಗೂ ಗೊತ್ತು."

ವದೀಆ ರಿಝ್ಕಲ್ಲಾನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ.

"ಕಾಫಿಗೆ ಮದ್ದು ಬೆರೆಸಿದವನು ನೀನು. ಇವಳು ಹೋದ ಮೇಲೆ ಮೂರು, ನಾಲ್ಕನೇ ಅಂತಸ್ತು ಜಾಣತನದಿಂದ ಇಟ್ಟಿದೀಯ. ಜನರ ಕಣ್ಣಿಗೆ ಬೀಳುತ್ತಲ್ಲ. ಐದನೇದು ಕವುಚಿ ಇರುತ್ತೆ, ಯಾರು ತಿರುಗಿಸಿ ನೋಡ್ತಾರೆ ಅಂತ ಕೈಗೆ ಬಂದಿದ್ದನ್ನ ಬಂದ ಹಾಗೆ ಹಾಕ್ದೆ. ಆಟ ಮುಗೀತು ಅಂತ ಕಂಡ್ರೆ ಇವಳು ಕೊನೇವರೆಗೂ ಇಲ್ಲೇ ಇದ್ಲು ಅಂತ ಆಗುತ್ತೆ. ಲೆಕ್ಕ ಚೆನ್ನಾಗಿತ್ತು. ಆದ್ರೆ ಮಗು, ಒಂದೇ ಸೂರಿನ ಕೆಳಗೆ ಇಷ್ಟು ತಿಂಗಳಿದ್ದೆ. ಒಂದು ಮಧ್ಯಾಹ್ನ ಆ ಮುದುಕನ ಪಕ್ಕ ಕೂತು ಅವನ ಆಟ ನೋಡಿದ್ರೆ, ಆ ಕೈ ನೋಡಿದ್ರೆ, ನೀನು ಸಿಕ್ಕಿಬೀಳ್ತಿರಲಿಲ್ಲ."

"ಸಾಕ್ಷಿ ಎಲ್ಲಿದೆ? ಎಲೆ ಸಾಕ್ಷಿ ಆಗುತ್ತಾ? ನಂಗೆ ಆಸ್ಪತ್ರೆಗೆ ಹೊತ್ತಾಯ್ತು." ಅವನು ಚೀಲ ಎತ್ತಿಕೊಂಡು ಎದ್ದ.

"ರಾತ್ರಿ ಉಡುಪಿಗೆ ಗುಂಡಿ ಇದೆಯೋ ಕೊಕ್ಕೆಯೋ?" ಎಂದಳು ವದೀಆ.

"ಏನು?"

"ಚೀಲದ ಬಾಯಿ ಅರ್ಧ ತೆರೆದಿದೆ. ಗುಂಡಿ ಕಾಣ್ತಿದೆ. ನಖ್ಲೆ ಗುಂಡಿ ಇರೋ ಬಟ್ಟೆ ಬಿಟ್ಟು ಕಾಲ ಆಯ್ತು. ಅವನ ಎಲ್ಲ ಅಂಗಿಗೂ ದರ್ಜಿ ಗುಟ್ಟಾಗಿ ದೊಡ್ಡ ಕೊಕ್ಕೆ ಹಾಕಿಕೊಡ್ತಾನೆ, ಅಂಗೈಲೇ ಸಿಕ್ಕಿಸೋ ಥರ. ಆ ಉಡುಪು ದೊಡ್ಡಪ್ಪಂಗೆ ಅಲ್ಲ. ಮತ್ತೆ ಯಾರಿಗೆ? ಎಲ್ಲಿಗೆ ಹೊರಟಿದೀಯ?"

ಹನ್ನಾ ಅಪ್ಪಣೆಗೆ ಕಾಯಲಿಲ್ಲ. ಚೀಲ ಕಿತ್ತುಕೊಂಡು ಮೇಜಿನ ಮೇಲೆ ಕೊಡವಿದ. ಪಟ್ಟೆಪಟ್ಟೆಯ ಉಡುಪಿನ ಸುರುಳಿ ಬಿಚ್ಚಿಕೊಂಡಿತು. ಒಳಗಿನಿಂದ ಎರಡು ಕಿರೀಟಗಳು ಉರುಳಿ, ರಾಜರ ಮನೆಯ ಮೇಲೆ ಬಂದು ನಿಂತವು. ಎಲೆಗಳ ನಡುವೆ ಬಿಸಿಲಿಗೆ ಫಳಫಳ.

ಸರಿಯಾಗಿ ಆಗಲೇ ಮಧ್ಯಾಹ್ನದ ಗಂಟೆ ಹೊಡೆಯಿತು.

"ಜೀಪು ಹೊರಡ್ಸು ಹನ್ನಾ," ಎಂದ ಕ್ಯಾಪ್ಟನ್. "ಪ್ರಯಾಣಿಕ ಬದಲಾಗಿದಾನೆ." ಅವನು ಆಫೀಫೆಯ ಮುಂದೆ ಹೋಗಿ, ಬಗ್ಗಿ, ಅವಳ ಕೈಯನ್ನು ಹಣೆಗೊತ್ತಿಕೊಂಡ. "ಉಮ್ಮ್ ಜಿರ್ಜಿ, ನನ್ನ ತಪ್ಪು ಮನಸ್ಸಲ್ಲಿ ಇಟ್ಕೋಬೇಡಿ."

"ಭಾನುವಾರ ಮದುವೆ ಊಟಕ್ಕೆ ಬಾ. ಹೊಟ್ಟೆ ತುಂಬಾ ತಿಂದು ತೀರ್ಸು," ಎಂದಳು ಆಫೀಫೆ. ಹೇಳುತ್ತಲೇ ಅತ್ತಳು, ಅಳುತ್ತಲೇ ನಕ್ಕಳು.

ಸುತ್ತಲ ಮನೆಗಳ ಬಾಲ್ಕನಿಗಳಲ್ಲಿ ಬೆಳಗಿನಿಂದ ಬಟ್ಟೆ ಒಣಗಹಾಕುವ ನೆಪದಲ್ಲಿ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೇ ನಾಲಿಗೆ ಹೊರಳಿಸಿ ಮದುವೆಮನೆಯ ಉಲಿ ಹಾಕಿದರು. ಅದು ಹೊಳೆಯ ಆಚೆ ದಡದವರೆಗೂ ಕೇಳಿಸಿರಬೇಕು. ಯಾರೋ ಮೇಲಿನಿಂದ ಒಂದು ಹಿಡಿ ಅಕ್ಕಿಯನ್ನೂ ಎರಚಿದರು. ಅರ್ಧ ಅಕ್ಕಿ ಬಿದ್ದದ್ದು ಕೋಳ ತೊಡಿಸಿಕೊಳ್ಳುತ್ತಿದ್ದ ರಿಝ್ಕಲ್ಲಾನ ತಲೆಯ ಮೇಲೆ.

"ಮದುವೆ ಗಂಡು," ಎಂದ ಹನ್ನಾ.

ಆ ಗದ್ದಲದ ನಡುವೆ ಒಳಗೆ ಫೋನು ಬಡಿದುಕೊಂಡಿತು. ವದೀಆ ಹೋಗಿ ಎತ್ತಿದಳು.

"ವದೀಆ ತಾನೇ?" ನಖ್ಲೆಯ ದನಿ. ಸೋತಿತ್ತು, ಆದರೂ ಅದೇ ಗತ್ತು. "ಆಫೀಫೆಗೆ ಹೇಳು, ಎಲೆ ಕದಲಿಸಬಾರದು. ಎರಡನೇ ಅಂತಸ್ತಿಗೆ ನಿಂತಿದೆ. ನಾನು ಗೆಲ್ಲೋ ಆಟ ಅದು."

"ಹೇಳ್ತೀನಿ. ನಖ್ಲೆ, ಕಿರೀಟ ಸಿಕ್ಕಿತು. ಭಾನುವಾರದ ಮದುವೆಗೆ ಚಿಂತೆ ಇಲ್ಲ."

"ಯಾವ ಕಿರೀಟ?"

"ಪೆಟ್ಟಿಗೆಯಲ್ಲಿದ್ದದ್ದು."

ಆ ಕಡೆ ನಗೆಯೋ ಕೆಮ್ಮೋ ತಿಳಿಯದ ಸದ್ದು. "ಅದು ಬೆಳ್ಳಿ ನೀರು ಕುಡಿಸಿದ ತಗಡಮ್ಮ. ಐವತ್ತೆಂಟನೇ ಇಸವಿ ಗಲಾಟೇಲಿ, ಲೂಟಿಗೆ ಹೆದರಿ ಮಾಡ್ಸಿದ್ದು. ಆಮೇಲೆ ಬದಲಾಯಿಸಕ್ಕೆ ಮನಸ್ಸು ಬರಲಿಲ್ಲ. ಹೆಣ್ಣುಮಕ್ಕಳು ಅದರಲ್ಲೂ ಅಷ್ಟೇ ಚೆನ್ನಾಗಿ ಕಾಣೋರು. ನಿಜವಾದ್ದು ನಿನ್ನ ಹತ್ರಾನೇ ಇದೆಯಲ್ಲ. ಮೇಣ ಮೆತ್ತಿದ ಬಿಸ್ಕತ್ತಿನ ಡಬ್ಬಿ. ಬಿಚ್ಚಬೇಡ, ಕೇಳಬೇಡ ಅಂತ ಕೊಟ್ಟಿದ್ದೆ. ಅಂಗಡಿ ಅಟ್ಟದ ಮೇಲೆ, ದೊಡ್ಡ ಜಾಡಿಗಳ ಹಿಂದೆ ಇಟ್ಟೆ ನೀನು. ಭಾನುವಾರ ಆಫೀಫೆ ಮೊಮ್ಮಗಳ ತಲೆ ಮೇಲೆ ಅದೇ ಇರಲಿ. ನನ್ನ ಆಸೆ."

ವದೀಆ ಫೋನು ಕೆಳಗಿಟ್ಟು ಅಂಗಳಕ್ಕೆ ಬಂದಳು. ನಡೆದದ್ದನ್ನು ಹೇಳಿದಳು.

"ಅಂದ್ರೆ ನನ್ನ ಮದುವೇನೂ ತಗಡಲ್ಲೇ ಆಗಿದ್ದಾ?" ಎಂದ ಕ್ಯಾಪ್ಟನ್.

"ಹೆಂಡ್ತಿ ನಿಜವಾದೋಳು ತಾನೇ? ಸುಮ್ನಿರು." ಅವಳ ಕಣ್ಣು ರಿಝ್ಕಲ್ಲಾನ ಮೇಲಿತ್ತು. ಈ ವಸಂತದಲ್ಲಿ ಅವಳು ಅಂಗಡಿ ಮಾರಿದ್ದಳು. ಅಟ್ಟ, ಜಾಡಿ, ಸೀಸೆ, ಇದ್ದದ್ದು ಇದ್ದ ಹಾಗೆ; ಜಾಡಿಗಳ ಹಿಂದಿನ ಡಬ್ಬಿ ನೆನಪಿಗೇ ಬಂದಿರಲಿಲ್ಲ. ವ್ಯಾಪಾರ ಕುದುರಿಸಿದ ದಲ್ಲಾಳಿ ಇವನೇ. "ನನ್ನ ಜಾಡಿಗಳನ್ನ ಯಾರಿಗೆ ಕೊಟ್ಟೆ?"

ರಿಝ್ಕಲ್ಲಾಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಬಾಯಿ ತೆರೆದುಕೊಂಡಿತು. ಬೆಳ್ಳಿಯನ್ನು ತನ್ನ ಕೈಯಾರೆ ಹಳೇ ಸಾಮಾನಿನ ಜೊತೆ ಸಾಗಹಾಕಿ, ತಗಡಿಗಾಗಿ ಜೈಲು ಕಂಡವನು ಅವನು. ಗಂಟಲಿನಿಂದ ಕೋಳಿಯಂಥ ಒಂದು ಸ್ವರ ಹೊರಟಿತು.

"ಬೈರೂತಿನವನು ಒಬ್ಬ. ಹಳೇ ಸಾಮಾನು ಹಡಗಲ್ಲಿ ಹೊರದೇಶಕ್ಕೆ ಸಾಗಿಸೋನು." ಅಷ್ಟು ಹೇಳಿ ತಟ್ಟನೆ ತುಟಿ ಬಿಗಿದ. ಮುಖಕ್ಕೆ ನಿಧಾನವಾಗಿ ಬಣ್ಣ ಮರಳಿತು. "ಹೆಸರು ನಂಗೊಬ್ಬನಿಗೇ ಗೊತ್ತು. ಬೇಕಾದ್ರೆ ಮೊದಲು ಇದನ್ನ ಬಿಚ್ಚಿ." ಕೋಳವನ್ನು ಕುಲುಕಿ ನಕ್ಕ.

ಕ್ಯಾಪ್ಟನ್ ಮುಷ್ಟಿ ಬಿಗಿದ. ವದೀಆ ಅವನ ತೋಳು ಮುಟ್ಟಿ ತಡೆದು, ಮೇಜಿನ ಮುಂದಿನ ಕುರ್ಚಿ ಎಳೆದು ಕೂತಳು.

"ದೊಡ್ಡಪ್ಪನ ಬಿಟ್ರೆ ನೀನೇ ಅಂದ್ಯಲ್ಲ. ಬಾ, ಒಂದು ಖಮ್ಸೆ ಆಡೋಣ. ನಾನು ಗೆದ್ರೆ ಹೆಸರು ಹೇಳು. ನೀನು ಗೆದ್ರೆ ಕೋರ್ಟಲ್ಲಿ ನಿನ್ನ ಮೇಲೆ ನಾನು ಬಾಯಿ ಬಿಡಲ್ಲ."

"ಸಿತ್ ವದೀಆ!" ಎಂದು ಕ್ಯಾಪ್ಟನ್ ಕೂಗಿದ. "ನಿಮಗೆ ಆಟಾನೇ ಬರಲ್ಲ ಅಂದ್ರಲ್ಲ!"

"ಅಂದೆ," ಎಂದಳು ವದೀಆ, ಕನ್ನಡಕ ಒರೆಸುತ್ತಾ.

ರಿಝ್ಕಲ್ಲಾ ಅವಳನ್ನು ನೋಡಿದ. ಬಾಲ್ಕನಿಗಳನ್ನು ನೋಡಿದ. ಹೆಂಗಸರೆಲ್ಲ ಕಟಕಟೆಯ ಮೇಲಿಂದ ಬಗ್ಗಿ ನಿಂತಿದ್ದರು. ಒಲ್ಲೆ ಎನ್ನಲು ಅವನ ಜಂಬ ಬಿಡಲಿಲ್ಲ. ಎದುರು ಬಂದು ಕೂತ.

ಆಫೀಫೆ ಬೆಳಗಿನಿಂದ ತಬ್ಬಿಕೊಂಡಿದ್ದ ಕೈಚೀಲವನ್ನು ಮೊದಲ ಬಾರಿ ತೆರೆದಳು. ಬಾಚಣಿಗೆ, ಜಪಮಾಲೆ, ಮತ್ತು ನಖ್ಲೆಗೆ ಎಚ್ಚರವಾದರೆ ಆಸ್ಪತ್ರೆಯಲ್ಲಿ ಬೇಸರ ಆಗದಿರಲಿ ಎಂದು ಇಟ್ಟುಕೊಂಡಿದ್ದ ಒಂದು ಹೊಸ ಕಟ್ಟು ಎಲೆ.

ಅವಳು ಇಬ್ಬರ ನಡುವೆ ಕುರ್ಚಿ ಹಾಕಿಕೊಂಡು, ಎಲೆ ಕಲಸತೊಡಗಿದಳು.

"ಐದೂ ಅಂತಸ್ತು ತೆರೆದೇ ಆಡ್ಬೇಕು," ಎಂದಳು. "ಕಟ್ಟು ನನ್ನ ಕೈಲಿರಲಿ. ಇವನು ಕಳ್ಳ."